ಊರು ಹೇಳದವರ ಸೂರ್ಯ

“ಮೇಡಂ, ಊರು ಹೇಳದೇ ಇರೋರಿಗೆಲ್ಲ ನಿಮ್ಮ ಪ್ಯಾಕೇಜು ಒಂದೇ ಜಾಗದ ಸೂರ್ಯೋದಯ ತೋರಿಸ್ತಿದೆ. ಯಾವುದು ಈ ಜಾಗ?”

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಶ್ರೀಗೌರಿಯ ಮನೆಯಲ್ಲಿ ಕೂತು ರೂಪೇಶ್ ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ. ಭದ್ರಾವತಿಯಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದ ಪಾಲಿಟೆಕ್ನಿಕ್ ಮೇಷ್ಟ್ರು ಅವನು. ಗಣಿತದ ಲೆಕ್ಚರರ್ ಶ್ರೀಗೌರಿ ಹನ್ನೆರಡು ವರ್ಷ ಒಬ್ಬಳೇ ಸಾಕಿದ ಸೂರ್ಯೋದಯದ ಪ್ಯಾಕೇಜನ್ನು ಇವತ್ತು ಅವನಿಗೆ ಒಪ್ಪಿಸುವವಳಿದ್ದಳು. ಯಾವ ಊರಲ್ಲಿ ಸೂರ್ಯ ಎಷ್ಟು ಹೊತ್ತಿಗೆ ಹುಟ್ಟುತ್ತಾನೆಂದು ಲೆಕ್ಕ ಹಾಕುವ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಕೋಡು. ಎಷ್ಟೋ ದೇಶಗಳ ಪಂಚಾಂಗದ ಆಪ್‌ಗಳು, ಅಲಾರಾಂಗಳು ಅದನ್ನು ಕೇಳಿಯೇ ಬೆಳಗು ಮಾಡಿಕೊಳ್ಳುತ್ತಿದ್ದವು. ಪುಕ್ಕಟೆ ಎಂದ ಮೇಲೆ ಬೈಗುಳಕ್ಕೇನು ಬರ! ದಿನಾ ಹತ್ತು ದೂರು.

“ಭೂಮಿಗೆಲ್ಲ ಸೂರ್ಯನ್ನ ಹುಟ್ಸೋದು ನಾನೊಬ್ಬಳೇ ಅಂದ್ರೆ ಹೆಂಗೆ ಮಾರಾಯ? ಸಾಕಾಯ್ತು.”

“ಅದ್ಸರಿ ಮೇಡಂ, ಈ ಜಾಗ? ನಾರ್ವೆಯವರೊಬ್ರು ಐದು ವರ್ಷದಿಂದ ಕೇಳ್ತಿದಾರೆ. ಚಳಿಗಾಲದಲ್ಲಿ ಅವರೂರಲ್ಲಿ ಎರಡು ತಿಂಗಳು ಸೂರ್ಯನೇ ಬರಲ್ವಂತೆ. ನಿಮ್ಮ ಪ್ಯಾಕೇಜು ದಿನಾ ತಪ್ಪದೆ ಹುಟ್ಟಿಸ್ತಿದೆ! ಪ್ರತಿ ಸಲ ‘ನೋಡ್ತೀನಿ’ ಅಂತ ಬರ್ದಿದೀರ. ಸರಿ ಮಾತ್ರ ಮಾಡಿಲ್ಲ.”

ಶ್ರೀಗೌರಿಗೆ ಕಳ್ಳತನ ಸಿಕ್ಕಿಬಿದ್ದ ಹಾಗಾಯಿತು. “ನಿಮ್ಮೂರೇ ಅದು. ಉಕ್ಕಿನ ಕಾರ್ಖಾನೆ ಕ್ವಾರ್ಟರ್ಸಲ್ಲಿ ನಮ್ಮನೆ ತಾರಸಿ,” ಎಂದಳು.

ರೂಪೇಶ್ ನಕ್ಷೆ ಹಿಗ್ಗಿಸಿ ನೋಡಿದ. ಅಲ್ಲಿ ತಾರಸಿ ಇರಲಿಲ್ಲ. ಬಿದ್ದ ಗೋಡೆಗಳ ಮೇಲೆ ಪೊದೆ ಬೆಳೆದಿತ್ತು.

ಅವಳಿಗೆ ಮಾತ್ರ ತಾರಸಿಯೇ ಕಂಡಿತು. ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಕಾಫಿ ಲೋಟ ಹಿಡಿದು ಪೂರ್ವಕ್ಕೆ ನಿಂತಿದ್ದಾರೆ. ಕುಲುಮೆ ನೋಡಿದ ಕಣ್ಣಿಗೆ ಸೂರ್ಯ ತಂಪು ಎನ್ನುವುದು ಅವರ ಮಾತು. “ಹುಟ್ಟಿದ, ಬರ್ಕೋ ಮಗಳೇ!” ಅವಳು ನೋಟ್‌ಬುಕ್ಕಿನಲ್ಲಿ ಗಂಟೆ, ನಿಮಿಷ ಬರೆಯುತ್ತಾಳೆ. “ಶಿವಮೊಗ್ಗದವರಿಗಿಂತ ಅರ್ಧ ನಿಮಿಷ ಮೊದಲು ನಮ್ದು, ಗೊತ್ತಾ?” ಎಂದು ಬೀಗಿ ಅಪ್ಪ ಮಲಗಲು ಹೋಗುತ್ತಾರೆ. ಅವರು ತೀರಿಕೊಂಡ ವರ್ಷವೇ ಈ ಕೋಡು ಬರೆದದ್ದು. ಊರು ಹೇಳದವರಿಗೆಲ್ಲ ಆ ತಾರಸಿಯ ಬೆಳಗನ್ನೇ ಹಂಚಿಬಿಟ್ಟಿದ್ದಳು. ತಪ್ಪೆಂದು ಗೊತ್ತಿದ್ದೂ ಅಳಿಸಲು ಮನಸ್ಸು ಬರಲಿಲ್ಲ. ಅಳಿಸಿದರೆ ಅಪ್ಪ ಅಲ್ಲಿಂದಲೂ ಇಳಿದು ಹೋಗುತ್ತಾರಲ್ಲ.

“ಹಂಗಾದ್ರೆ ಇರ್ಲಿ ಬಿಡಿ ಮೇಡಂ, ನಾನೂ ಮುಟ್ಟಲ್ಲ,” ಎಂದ ರೂಪೇಶ್, ದನಿ ತಗ್ಗಿಸಿ.

“ಬೇಡ. ಕೊಡೋದು ಅಂದ್ಮೇಲೆ ಪೂರ್ತಿ ಕೊಡ್ಬೇಕು. ಇಲ್ಲಿ ಕೊಡು.” ಲ್ಯಾಪ್‌ಟಾಪ್ ಎಳೆದುಕೊಂಡು ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಅವಳೇ ಅಳಿಸಿದಳು. ಅಲ್ಲೊಂದು ಪ್ರಶ್ನೆ ಬರೆದಳು. ಆಮೇಲೆ ಪ್ಯಾಕೇಜಿನ ಹೊಣೆಗಾರರ ಸಾಲಿನಲ್ಲಿದ್ದ ತನ್ನ ಹೆಸರು ತೆಗೆದು ರೂಪೇಶನ ಹೆಸರು ಸೇರಿಸಿದಳು. “ಇನ್ನು ಬೈಸ್ಕೊಳ್ಳೋ ಭಾಗ್ಯ ನಿಂದು ಮಾರಾಯ,” ಎಂದು ನಕ್ಕಳು.

ಹದಿನೈದು ದಿನದ ಮೇಲೆ ಒಂದು ಮುಂಜಾನೆ ಅರೆನಿದ್ದೆಯಲ್ಲಿ ಫೋನು ತೆರೆದಳು. ಪಂಚಾಂಗದ ಆಪ್ ರಾತ್ರಿಯೇ ಅಪ್‌ಡೇಟ್ ಆಗಿತ್ತು. ಅವಳೇ ಬರೆದಿದ್ದ ಪ್ರಶ್ನೆಯನ್ನು ಅವಳಿಗೇ ಕೇಳಿತು: ‘ನಿಮ್ಮ ಊರು ಯಾವುದು?’

ಮೂವತ್ತು ವರ್ಷದಿಂದ ದುರ್ಗಿಗುಡಿಯಲ್ಲಿದ್ದವಳು ‘ಭದ್ರಾವತಿ’ ಎಂದು ಬರೆದು ಕಾದಳು. ಸ್ವಲ್ಪ ಹೊತ್ತಿಗೆ ಫೋನು ಸೂರ್ಯೋದಯದ ಗಂಟೆ ಬಾರಿಸಿತು. ದುರ್ಗಿಗುಡಿಗೆ ಬೆಳಗಾಗಲು ಇನ್ನೂ ಅರ್ಧ ನಿಮಿಷ ಇತ್ತು.