ಹವಾಲ್ದಾರನ ಗ್ರೂಪ್ ಫೋಟೋ

"ಇನ್ನೊಂಚೂರು ಹತ್ತಿರ ಬನ್ನಿ ಮೇಡಂ," ಎಂದ ಫೋಟೋಗ್ರಾಫರ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಅಕ್ಕ ಒಂದು ಕಾಲನ್ನು ಮಾತ್ರ ಹತ್ತಿರ ತಂದಳು. ತಂಗಿ ಅಷ್ಟೂ ಧಾರಾಳಿಯಾಗಲಿಲ್ಲ. ಕುತ್ತಿಗೆಯನ್ನಷ್ಟೇ ಈ ಕಡೆ ವಾಲಿಸಿದಳು. ನಡುವೆ ಕುರ್ಚಿಯಲ್ಲಿ ಕೂತ ಅಮ್ಮನ ಎಡಕ್ಕೊಂದು ಬಲಕ್ಕೊಂದು ಬೀರು ಇಡುವಷ್ಟು ಜಾಗ ಇನ್ನೂ ಉಳಿದಿತ್ತು.

ಅಮ್ಮನ ಕಣ್ಣಿನ ನರ ಒಣಗುತ್ತಾ ಬಂದಿದೆ, ಬರುವ ವರ್ಷದ ಹೊತ್ತಿಗೆ ಹೆಚ್ಚೇನೂ ಕಾಣಲಿಕ್ಕಿಲ್ಲ ಎಂದು ಡಾಕ್ಟರು ಹೇಳಿದ್ದರು. "ಕಣ್ಣು ಕಾಣೋವಾಗಲೇ ನಿಮ್ಮಿಬ್ಬರನ್ನ ಒಂದೇ ಫೋಟೋದಲ್ಲಿ ನೋಡ್ಬಿಡ್ತೀನಿ ಕಣ್ರೇ," ಎಂದು ಅವಳು ಕೇಳಿಕೊಂಡಿದ್ದಳು. ತಾಯಿಯ ಮಾತು ಮೀರುವ ಮಕ್ಕಳಲ್ಲ. ಇಬ್ಬರೂ ತಪ್ಪದೆ ಸ್ಟುಡಿಯೋಗೆ ಬಂದಿದ್ದರು, ಬೇರೆ ಬೇರೆ ಕಾರಿನಲ್ಲಿ.

ಜಗಳ ಆಸ್ತಿಯದಲ್ಲ, ಅಷ್ಟು ಸಣ್ಣದಾಗಿದ್ದರೆ ವಕೀಲರಾದರೂ ಬಗೆಹರಿಸುತ್ತಿದ್ದರು. "ಗಂಡನ್ನ ಕುರಿ ಮಾಡಿ ಇಟ್ಕೊಂಡಿದಾಳೆ" ಎಂದು ಗೆಳತಿಗೆ ಕಳಿಸಬೇಕಾಗಿದ್ದ ವಾಯ್ಸ್ ಮೆಸೇಜನ್ನು ಅಕ್ಕ ಕನ್ನಡಕವಿಲ್ಲದೆ ತಂಗಿಗೇ ಕಳಿಸಿದ್ದಳು. ಆ ಒಂದು ಪದಕ್ಕೆ ಎರಡು ಮನೆಗಳು ಮಾತು ಬಿಟ್ಟಿದ್ದವು.

ಕುರಿ ಎನ್ನಿಸಿಕೊಂಡ ತಂಗಿಯ ಗಂಡ ಮಾತ್ರ ಸ್ಟುಡಿಯೋದ ದೊಡ್ಡ ದೀಪ ಅತ್ತೆಯ ಕಣ್ಣು ಚುಚ್ಚದ ಹಾಗೆ ಒಂದು ರಟ್ಟನ್ನು ಅಡ್ಡ ಹಿಡಿದು ನಿಂತಿದ್ದ. ಯಾರೂ ಹೇಳಿರಲಿಲ್ಲ, ಯಾರೂ ಗಮನಿಸಿಯೂ ಇರಲಿಲ್ಲ. ಅವನ ಇನ್ನೊಂದು ಕೈಯಲ್ಲಿ ಹವಾಲ್ದಾರನ ಹಗ್ಗ. ಹವಾಲ್ದಾರ ಎಂದರೆ ತಂಗಿಯ ಮನೆಯ ಕಾರ್ಗಿ ಜಾತಿಯ ನಾಯಿ: ಕಾಲು ಗೇಣುದ್ದ, ಗತ್ತು ಮಾರುದ್ದ. ಒಂದೇ ಮನೆಯವರು ಹೀಗೆ ಚೆಲ್ಲಾಪಿಲ್ಲಿಯಾಗಿ ನಿಂತದ್ದನ್ನು ಕಂಡು ಅದು ಆಗಿನಿಂದ ಗುರುಗುಟ್ಟುತ್ತಿತ್ತು. ರಟ್ಟು ಜಾರಿತು, ಅಳಿಯ ಎರಡೂ ಕೈ ಹಾಕಿದ, ಹಗ್ಗ ಬಿಟ್ಟುಹೋಯಿತು.

ಹವಾಲ್ದಾರ ಅಕ್ಕನ ಹಿಂದಿನಿಂದ ಸುತ್ತಿ ಬಂದು ಅವಳ ಹಿಮ್ಮಡಿಗೆ ಬಾಯಿ ಹಾಕಿದ.

"ಅಯ್ಯಯ್ಯೋ, ಕಚ್ತು!"

"ಹಲ್ಲು ಊರಲ್ಲ ಅಕ್ಕಾ, ತಾಗಿಸುತ್ತೆ ಅಷ್ಟೆ," ಎಂದ ಅಳಿಯ, ರಟ್ಟು ಬಿಡದೆ. "ಅದರ ಮುತ್ತಜ್ಜಂದಿರೆಲ್ಲ ದನ ಕಾಯ್ತಿದ್ರು. ಚದುರಿದ್ದನ್ನ ಹಿಮ್ಮಡಿ ಹಿಡಿದು ಒಟ್ಟು ಸೇರಿಸೋದು ರಕ್ತದಲ್ಲೇ ಬಂದಿದೆ."

"ಅಂದ್ರೆ, ನಾನು ದನಾನಾ?"

"ಅವರು ಹಾಗಂದ್ರಾ?" ಈಗ ತಂಗಿ ಬಾಯಿ ಹಾಕಿದಳು. "ಮನುಷ್ಯರಿಗೆ ಪ್ರಾಣಿ ಹೆಸರಿಡೋ ವಿದ್ಯೆ ನಿನಗೆ ಮಾತ್ರ ಬರೋದು."

ಇಷ್ಟು ತಿಂಗಳಲ್ಲಿ ಅಕ್ಕತಂಗಿಯರ ನಡುವೆ ನಡೆದ ಮೊದಲ ಸಂಭಾಷಣೆ ಇದು. ಅಮ್ಮ ಹಾಡು ಕೇಳುವವಳ ಹಾಗೆ ತಲೆ ವಾಲಿಸಿ ಕೇಳಿದಳು.

ಹವಾಲ್ದಾರನಿಗೆ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಅನ್ನ ಹಾಕುವವಳು ಎಂಬ ದಾಕ್ಷಿಣ್ಯವನ್ನೂ ನೋಡದೆ ತಂಗಿಯ ಹಿಮ್ಮಡಿಗೂ ಹಾರಿದ. ಅವಳು ಕುಪ್ಪಳಿಸಿ, ಸೀರೆ ತೊಡರಿ, ಮುಗ್ಗರಿಸಿದಳು. ಅಕ್ಕ ಗಬಕ್ಕನೆ ಅವಳ ರಟ್ಟೆ ಹಿಡಿದಳು.

"ಬೀಳ್ತೀಯಲ್ಲೇ, ಕಣ್ಣು ಎಲ್ಲಿಟ್ಟಿದೀಯ!"

"ಬಿಡು, ನಾನೇ ನಿಂತ್ಕೋತೀನಿ."

"ಕಂಡಿದೀನಿ ನೀನು ನಿಂತಿದ್ದು."

ಬಯ್ಯುವ ಬಾಯಿ ಬಯ್ಯುತ್ತಲೇ ಇತ್ತು. ಹಿಡಿದ ಕೈ ಸಡಿಲವಾಗಲಿಲ್ಲ. ಬಿಡು ಎಂದವಳೂ ಬಿಡಿಸಿಕೊಳ್ಳಲಿಲ್ಲ. ಹವಾಲ್ದಾರ ಇಬ್ಬರನ್ನೂ ಅಟ್ಟಿಕೊಂಡು ಬಂದು ಅಮ್ಮನ ಕುರ್ಚಿಗೆ ಒತ್ತಿ ನಿಲ್ಲಿಸಿ, ಎದುರು ಬಂದು ಕೂತ. "ಸ್ಮೈಲ್ ಪ್ಲೀಸ್" ಎಂದು ಹೇಳುವ ಹಳೆಯ ಚಾಳಿಯನ್ನು ಫೋಟೋಗ್ರಾಫರ್ ಹೇಗೋ ತಡೆದುಕೊಂಡು ಬಟನ್ ಒತ್ತಿದ.

ಪರದೆಯ ಮೇಲೆ ಚಿತ್ರ ಮೂಡುವಷ್ಟರಲ್ಲಿ ಅಕ್ಕತಂಗಿಯರು ಮತ್ತೆ ತಮ್ಮ ತಮ್ಮ ಮೂಲೆ ಸೇರಿ ಆಗಿತ್ತು. ಚಿತ್ರದಲ್ಲಿ ಇಬ್ಬರೂ ತಲೆ ತಗ್ಗಿಸಿ ತಮ್ಮ ಹಿಮ್ಮಡಿ ಹುಡುಕುತ್ತಿದ್ದರು. ಕಾಣುತ್ತಿದ್ದುದು ಎರಡು ಬೈತಲೆ ಮಾತ್ರ. ಕ್ಯಾಮೆರಾವನ್ನು ನೆಟ್ಟಗೆ ನೋಡಿದ್ದವನು ಹವಾಲ್ದಾರ ಒಬ್ಬನೇ.

"ಮುಖಾನೇ ಬಂದಿಲ್ಲ ಅಮ್ಮಾ. ಇನ್ನೊಂದು ತೆಗೀತೀನಿ," ಎಂದ ಫೋಟೋಗ್ರಾಫರ್.

ಅಮ್ಮ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. "ಇವರ ಮುಖ ನಾನು ನೋಡಿದೀನಪ್ಪ," ಎಂದಳು. "ಇದೇ ಇರಲಿ. ದೊಡ್ಡದಾಗಿ ಮಾಡಿಕೊಡು."

"ಹಾಗಾದ್ರೆ ನಾಯೀನಾದ್ರೂ ಕಂಪ್ಯೂಟರಲ್ಲಿ ಅಳಿಸಿಬಿಡ್ತೀನಿ. ಒಂಚೂರೂ ಗೊತ್ತಾಗಲ್ಲ."

"ಬೇಡಪ್ಪ, ಬೇಡ," ಎಂದಳು ಅಮ್ಮ ಗಾಬರಿಯಿಂದ. "ಅದನ್ನ ಅಳಿಸಿಬಿಟ್ರೆ, ಇವರಿಬ್ಬರೂ ಯಾಕಿಷ್ಟು ಹತ್ತಿರ ನಿಂತಿದಾರೆ ಅಂತ ನೋಡಿದೋರು ಕೇಳ್ತಾರೆ. ಏನಂತ ಹೇಳಲಿ?"