ಇಪ್ಪತ್ತೈದನೆಯ ಮುಖ

ಮೂರನೇ ದಿನವೂ ಚಹಾ ಉಪ್ಪಾಗಿದ್ದಾಗ ಶೇಖರ ಲೋಟ ಕೆಳಗಿಟ್ಟ. ತಾಯಿಯ ತಲೆ ಹೋಗುತ್ತಿದೆ. ಇನ್ನು ಅನುಮಾನವೇ ಇಲ್ಲ.

ಉಪ್ಪು ಒಂದೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಹೋದ ವಾರ ಒಗ್ಗರಣೆಗೆ ಸಾಸಿವೆಯ ಬದಲು ರಾಗಿ ಬಿದ್ದಿತ್ತು. ಮೊನ್ನೆ ಮಂಡಿನೋವಿನ ಮುಲಾಮಿನಲ್ಲಿ ಹಲ್ಲುಜ್ಜಿ, ಮಧ್ಯಾಹ್ನದವರೆಗೆ ಬಾಯಿ ತೆರೆದುಕೊಂಡೇ ಕೂತಿದ್ದಳು. ಕೇಳಿದರೆ, "ಪೇಸ್ಟಿಗೆ ಈಗೀಗ ಖಾರ ಹಾಕ್ತ್ರ್ ಕಾಣತ್ತ್" ಎಂಬ ಉತ್ತರ. ದೊಡ್ಡಮ್ಮನಿಗೂ ಹೀಗೇ ಶುರುವಾದದ್ದು. ಕೊನೆಗೆ ಆಕೆ ಹೆತ್ತ ಮಗನನ್ನೇ "ನೀವ್ ಯಾರ್ ಮರ್ರೆ, ಎಂತ ಬೇಕಿತ್ತ್?" ಎಂದು ಕೇಳಿದ್ದಳು.

ಶೇಖರನ ತಾಯಿ ಅಕ್ಕು ಉಪ್ಪುಂದದಲ್ಲಿ ನಲವತ್ತು ವರ್ಷದಿಂದ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುವವಳು. ದಿನವೂ ಹೆದ್ದಾರಿ ದಾಟಬೇಕು. ಒಂದು ದಿನ ತಾನು ಯಾರೆಂಬುದೇ ಮರೆತು ಲಾರಿಯ ಎದುರು ನಿಂತುಬಿಟ್ಟರೆ? ಆಟೋ ಓಡಿಸುವಾಗಲೂ ಶೇಖರನಿಗೆ ಅದೇ ಯೋಚನೆ. ಬುಟ್ಟಿ ಬಿಡು ಎಂದರೆ ಬಿಡುವ ಜಾಯಮಾನವೇ ಅವಳದ್ದಲ್ಲ.

"ಬುಟ್ಟಿ ಇಳ್ಸಿರೆ ಮೂಲಿಗ್ ಬಿದ್ದ್ ಸಾಯ್ತೆ. ಆಮೇಲೆ ನೀನೇ ಹೊರ್ಕ್."

ಇದು ಎರಡು ಸಾವಿರದ ಒಂಬತ್ತರ ಮಾತು. ಅಷ್ಟರಲ್ಲಿ ದೇವರೇ ಕಳಿಸಿದ ಹಾಗೆ ರವಿರಾಜ ಎಂಬ ಹುಡುಗ ಶೇಖರನ ಆಟೋ ಹತ್ತಿದ. ಬಾರ್ಕೂರಿನವನು, ಮಿದುಳಿನ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಅರವತ್ತು ದಾಟಿದವರಿಗೆ ಮುಖಗಳ ಪಟ ಕೊಟ್ಟು, ಇದು ನಗುವೋ ಸಿಟ್ಟೋ ಹೆದರಿಕೆಯೋ ಎಂದು ಕೇಳುವುದು ಅವನ ಕೆಲಸ. ಇದೊಂದರಿಂದಲೇ ತಲೆ ಸರಿಯಿದೆ, ಇಲ್ಲ ಎಂದು ತೀರ್ಮಾನಿಸಲಾಗದು ಎಂದು ಅವನು ಎರಡೆರಡು ಸಲ ಹೇಳಿದ. ಶೇಖರ ಕಿವಿಗೆ ಹಾಕಿಕೊಳ್ಳಲಿಲ್ಲ. ಆಟೋ ನೇರ ಮನೆಗೆ ತಿರುಗಿತು.

"ಅಬ್ಬಿ, ಇಪ್ಪತ್ನಾಲ್ಕ್ ಪಟ. ಇಪ್ಪತ್ತ್ ಸರಿ ಹೇಳಿರೆ ಬುಟ್ಟಿ ನಿಂದ್. ಇಲ್ದಿರೆ ನಾಳಿಂದ ಬುಟ್ಟಿ ಅಟ್ಟಕ್ಕೆ" ಎಂದು ತಾಯಿಗೆ ಪಂಥ ಕಟ್ಟಿದ ಶೇಖರ.

"ಸೋತ್ರೆ ನನ್ನನ್ನೂ ಅಟ್ಟಕ್ಕೇ ಹತ್ಸ್" ಎಂದ ಅಕ್ಕು ಹುಡುಗನತ್ತ ತಿರುಗಿದಳು. "ಅಲ್ಲ್ ಕತ್ಲಿ ಮರ್ರೆ. ಈ ಕಂಬದ್ ಹತ್ರ ಕೂಕಣಿ. ಗಾಳಿಯೂ ಬತ್ತ್."

ಜಗಲಿಯ ಕಂಬಕ್ಕೊರಗಿ ಕೂತ ರವಿರಾಜನ ಮೇಲೆ ಸಂಜೆಯ ಬಿಸಿಲು ಬಿತ್ತು. ಮಾತಿನ ಹುಡುಗ. ಪಟಗಳನ್ನು ಜೋಡಿಸುತ್ತಲೇ ಪಾಠ ಶುರುಮಾಡಿದ.

"ಮಿದುಳಿನೊಳ್ಗೆ ಬಾದಾಮಿಯಷ್ಟ್ ದೊಡ್ಡ ಗಂಟ್ ಒಂದಿತ್ತ್, ಅಮ್ಮ. ಹೆದ್ರಿದ್ ಮುಖ ಕಂಡ್ರೆ ನಮ್ಗೆ ಗೊತ್ತಪ್ಪು ಮುಂಚೆ ಅದಕ್ಕೆ ಗೊತ್ತಾತ್ತ್. ಮತ್ತೆ, ನಗು ಮುಖ ಕಂಡ್ರೆ ನಮ್ಮ್ ಮುಖವೂ ಚೂರ್ ನಗಾಡತ್ತ್. ನಮ್ಗೇ ತಿಳಿತಿಲ್ಲೆ."

"ಹೌದಾ! ಅದ್ ಎಲ್ಲರಿಗೂ ಆತ್ತಾ?"

"ಎಲ್ಲರಿಗೂ. ತಡೂಕೆ ಆತಿಲ್ಲೆ."

"ಹಾಂಗಾರೆ ಶುರು ಮಾಡಿ" ಎಂದು ಅಕ್ಕು ಆರಾಮಾಗಿ ಕಾಲು ಚಾಚಿದಳು.

ರವಿರಾಜ ಒಂದೊಂದೇ ಪಟವನ್ನು ತಾನು ನೋಡಿ ಅವಳ ಕೈಗೆ ದಾಟಿಸಿದ. ಅಕ್ಕು ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದಳು. ಲೆಕ್ಕ ಹಾಕುವವಳಂತೆ ತಲೆ ಎತ್ತಿ ಹುಡುಗನನ್ನೇ ನೋಡುತ್ತಿದ್ದಳು. ಆಮೇಲೆ ಉತ್ತರ.

"ನಗು."

"ಸಿಟ್ಟ್."

"ಇದ್ ಹೇಸಿಗಿ. ಹಳಿ ಬಂಗ್ಡಿ ಮೀನ್ ಮೂಸ್ದಂಗಿತ್ತ್."

"ದುಃಖ. ಪಾಪ, ಮನಿಯಲ್ಲ್ ಯಾರೋ ಹೋಯಿರ್."

"ಇದ್ರಲ್ ಎಂತದೂ ಇಲ್ಲೆ. ಆಫೀಸಿನವ್ರ್ ನಾಳೆ ಬನ್ನಿ ಅಂಬ ಮೋರೆ."

ಎಲ್ಲವೂ ಸರಿ. ಶೇಖರ ಬಾಗಿಲ ದಾರಂದ ಹಿಡಿದು ನಿಂತಿದ್ದ. ರವಿರಾಜ ಬರೆಯುವುದು ನಿಲ್ಲಿಸಿ ಬಾಯಿಬಿಟ್ಟು ನೋಡುತ್ತಿದ್ದ.

"ಮೀನ್ ಮಾರುವವ್ರಿಗೆ ಇದೆಂತ ದೊಡ್ಡದ್?" ಎಂದಳು ಅಕ್ಕು. "ಅಂಗಳಕ್ಕೆ ಕಾಲಿಟ್ಟ್ ಕೂಡ್ಲೇ ಗೊತ್ತಾತ್ತ್, ತಕಂಬವ್ರಾ, ಬರೀ ಮೀನ್ ಒತ್ತಿ ಕಾಂಬವ್ರಾ ಅಂದೇಳಿ."

ಹತ್ತೊಂಬತ್ತನೆಯ ಪಟ ಅವಳ ಕೈಗೆ ಬರುವ ಹೊತ್ತಿಗೆ ಸರಿಯಾಗಿ ರವಿರಾಜನ ಮೊಬೈಲು ಹೊಡೆದುಕೊಂಡಿತು. ನಂಬರು ನೋಡಿ ಅವನು ಅವಸರದಿಂದ ಅದರ ಬಾಯಿ ಮುಚ್ಚಿಸಿದ.

"ಹೆದ್ರಿಕೆ" ಎಂದಳು ಅಕ್ಕು.

ಶೇಖರ ಬಗ್ಗಿ ನೋಡಿದ. ಪಟದ ತುಂಬ ಹಲ್ಲು ಬಿಟ್ಟು ನಗುತ್ತಿತ್ತು ಒಂದು ಮುಖ! ಅವನಿಗೆ ದೊಡ್ಡಮ್ಮನ ಖಾಲಿ ಕಣ್ಣು ನೆನಪಾಯಿತು.

"ಯಾರದ್ ಫೋನ್?" ಎಂದು ಅಕ್ಕು ಕೇಳಿದಳು.

"ನಮ್ಮ್ ಗೈಡ್, ಅಮ್ಮ. ವರದಿ ಕೊಡುಕ್ ತಡ ಆಯ್ತ್..."

"ಹಾಂ. ಹಾಂಗ್ ಹೇಳಿ" ಎಂದು ಅವಳು ಮುಂದಿನ ಪಟಕ್ಕೆ ಕೈಚಾಚಿದಳು.

ಆಮೇಲೆ ಒಂದೂ ತಪ್ಪಲಿಲ್ಲ. ಇಪ್ಪತ್ತನಾಲ್ಕಕ್ಕೆ ಇಪ್ಪತ್ತಮೂರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಐವತ್ತು ಜನರನ್ನು ಕೇಳಿದ್ದೇನೆ, ಇಪ್ಪತ್ತು ದಾಟಿದವರು ಇವರೊಬ್ಬರೇ ಎಂದು ರವಿರಾಜ ಅಕ್ಕುವಿನ ಕಾಲು ಮುಟ್ಟಿ ನಮಸ್ಕರಿಸಿದ. ಇಂಥ ಮಿದುಳಿನ ಬಗ್ಗೆ ಪ್ರತ್ಯೇಕ ಅಧ್ಯಾಯವನ್ನೇ ಬರೆಯಬೇಕು ಎನ್ನುತ್ತ ಬಸ್ಸಿಗೆ ಓಡಿದ.

ಶೇಖರ ಬಾವಿಕಟ್ಟೆಗೆ ಹೋಗಿ, ತಾನೇ ಬುಟ್ಟಿ ತೊಳೆದು ಕವುಚಿ ಹಾಕಿದ. ಎಷ್ಟೋ ದಿನದ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯಿತು.

"ಹ್ವಾಯ್, ಸೋತವ್ರ್ ಭಾರೀ ಖುಷಿಯಲ್ಲಿದ್ರ್!" ಅಂಗಳದ ಆಚೆ ತುದಿಯಿಂದ ಅಕ್ಕು ಕೂಗಿದಳು. ಹತ್ತಿರ ಬಂದು ಕೇಳಿದಳು, "ಬುಟ್ಟಿ ನಂದೇ ಅಲ್ದಾ? ಮತ್ತೆ ಮಾತ್ ತಿರ್ಗ್ಸೂಕಾಗ."

"ನಿಂದೇ ಅಬ್ಬಿ. ನಿನ್ನ್ ತಲಿ ಗಟ್ಟಿ ಇತ್ತಲೆ, ನಂಗ್ ಅಷ್ಟ್ ಸಾಕ್."

"ಹಾಂಗಾರೆ ನಾಳೆ ಕುಂದಾಪ್ರಕ್ಕೆ ಕರ್ಕಂಡ್ ಹೋಗಿ ಒಂದ್ ಕನ್ನಡಕ ಮಾಡ್ಸಿಕೊಡ್. ಅಡಿಗಿಮನಿಯಲ್ಲ್ ಹಾಕಂಬದ್ ಇದೇ ಬಾವಿಗ್ ಬಿದ್ದ್ ತಿಂಗ್ಳಾಯ್ತ್. ಹತ್ರದ್ದ್ ಎಂತದೂ ಕಾಂತಿಲ್ಲೆ." ಅಕ್ಕು ದನಿ ತಗ್ಗಿಸಿದಳು. "ಅಲ್ಲ ಮಗಾ, ಆ ಪಟದಲ್ಲ್ ಇದ್ದದ್ದ್ ಗಂಡಸ್ರಾ, ಹೆಂಗಸ್ರಾ?"