ತಪ್ಪು ತಾಳುವ ಗಿಡ

“ಇಲ್ರಿ ಬಾಯಾರ, ನಿಮಗ ಇನ್ನ ಗಿಡ ಕೊಡಂಗಿಲ್ಲ,” ಎಂದು ನರ್ಸರಿಯ ಹಸೀನಾ ನೀರಿನ ಪೈಪು ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟಳು. “ಮೊದಲನೇದು ಥಂಡಿ ಊರಿನ ಗಿಡ, ನಮ್ಮ ಬಿಸಲಿಗೆ ಸತ್ತತು. ಅದರ ತಪ್ಪಲ್ಲ, ನಿಮ್ಮದೂ ಅಲ್ಲ. ಆದರ ಈ ಜೇಡ್ ಗಿಡ? ಜೇಡ್ ಸಾಯಿಸೋ ಮಂದೀನ ನಾ ಇವತ್ತಽ ನೋಡಿದ್ದು. ಅದರ ಟೊಂಗಿ ಮುರದು ಗ್ವಾಡಿ ಮ್ಯಾಲೆ ಒಗದ್ರೂ ಚಿಗೀತೈತ್ರಿ!”

ರಾಧಾಬಾಯಿಗೆ ನಗು ಬಂತು, ಆದರೆ ಅವಳು ಕದಲಲಿಲ್ಲ. ಸಿದ್ಧೇಶ್ವರ ಗುಡಿಯ ಓಣಿಯಿಂದ ಗೋಳಗುಮ್ಮಟದ ಹತ್ತಿರದ ಈ ನರ್ಸರಿಗೆ ಆಟೋ ಹಿಡಿದು ಬಂದದ್ದು ಖಾಲಿ ಕೈಯಲ್ಲಿ ತಿರುಗಿ ಹೋಗುವುದಕ್ಕಲ್ಲ. ಚೀಲದಿಂದ ಸತ್ತ ಜೇಡ್ ಬೋನ್ಸಾಯನ್ನು ಕುಂಡದ ಸಮೇತ ತೆಗೆದು ಕಟ್ಟೆಯ ಮೇಲಿಟ್ಟಳು. ಚಹಾದ ಬಟ್ಟಲಿನಷ್ಟೇ ಕುಂಡ, ಅಂಗೈಯಲ್ಲಿ ಕೂರುವಂಥ ಮರ. ಈಗ ಬೆಂದ ಬದನೆಕಾಯಿಯ ಹಾಗೆ ಮೆತ್ತಗಾಗಿ ಒಂದು ಕಡೆ ವಾಲಿತ್ತು. ನಿನ್ನೆ ನಾದಿನಿ ಬಂದವಳು ಅದನ್ನು ನೋಡಿ, “ನಿಮ್ಮ ಕೈಗುಣಾನಽ ಅಷ್ಟು ಬಿಡ್ರಿ ವೈನಿ,” ಎಂದು ಹೇಳಿ, ಚಹಾ ಕುಡಿದು ಹೋಗಿದ್ದಳು. ಚಹಾದ ಕಪ್ಪು ತೊಳೆಯುವಾಗಲೇ ರಾಧಾಬಾಯಿ ನಿರ್ಧಾರ ಮಾಡಿದ್ದಳು: ಒಂದು ಮರವಾದರೂ ತನ್ನ ಕೈಯಲ್ಲಿ ಬದುಕಲೇಬೇಕು.

“ಯಾಕ ಸತ್ತತು ಹೇಳು, ತಿಳಕೊಂಡಽ ಹೋಗ್ತೀನಿ. ಮಣ್ಣು ಒಣಗಿದ ಮ್ಯಾಲೆ ನೀರು, ಮುಂಜಾನಿ ಬಿಸಲು, ಎಲ್ಲಾ ನೀ ಹೇಳಿದಂಗಽ ಮಾಡೀನಿ.”

ಹಸೀನಾ ಕುಂಡವನ್ನು ಬೋರಲು ಹಾಕಿ ತಟ್ಟಿದಳು. ಮಣ್ಣಿನ ಮುದ್ದೆ ಕಳಚಿ ಬಿತ್ತು. ಹುಳಿ ಹುಳಿ ವಾಸನೆ. ಗಾಬರಿಯಾದ ಇರುವೆಗಳು ಕಟ್ಟೆಯ ತುಂಬ ಚೆದುರಿದವು. ಬೇರು ಕಪ್ಪಗೆ ಕೊಳೆತಿತ್ತು.

“ಇದಕ್ಕ ಹಾಲು ಹಾಕೀರೇನ್ರಿ? ಸಕ್ರಿ?”

ರಾಧಾಬಾಯಿ ಬಗ್ಗಿ ನೋಡಿದಳು. ಮಣ್ಣಿಗೆ ಒಂದು ತುಳಸಿದಳ ಅಂಟಿಕೊಂಡಿತ್ತು. ಅದರ ಮೇಲೆ ಒಣಗಿದ ಗಂಧ. ಅವಳಿಗೆ ಎಲ್ಲ ತಿಳಿಯಿತು. ದಿನಾ ಮುಂಜಾನೆ ಗಂಡ ಪ್ರಲ್ಹಾದರಾಯರು ದೇವರಿಗೆ ಹಾಲು, ಜೇನು, ಸಕ್ಕರೆಯ ಅಭಿಷೇಕ ಮಾಡುತ್ತಾರೆ. ಆ ನೀರನ್ನು ಯಾರೂ ತುಳಿಯಬಾರದೆಂದು ಗಿಡದ ಬುಡಕ್ಕೆ ಹಾಕುವುದು ಮನೆಯ ಪದ್ಧತಿ. ಇಷ್ಟು ವರ್ಷ ಅದು ಬಾಲ್ಕನಿಯ ಮೂಲೆಯಲ್ಲಿದ್ದ ದೊಡ್ಡ ದಾಸವಾಳಕ್ಕೆ ಹೋಗುತ್ತಿತ್ತು. ಮೊದಲನೆಯ ಬೋನ್ಸಾಯ್ ಬಾಡಿದ ದಿನ ಅವಳು ಊಟ ಬಿಟ್ಟು ಕೂತಿದ್ದಳು. ಪ್ರಲ್ಹಾದರಾಯರು ಆಗ ಒಂದು ಸಮಾಧಾನದ ಮಾತೂ ಆಡಿರಲಿಲ್ಲ. ಕಲ್ಲಿನಂಥ ಮನುಷ್ಯ ಎಂದುಕೊಂಡಿದ್ದಳು.

“ಯಾರ ಹಾಕಿದ್ರಿ?” ಹಸೀನಾ ಬಿಡಲಿಲ್ಲ.

“ನಾನಽ ಹಾಕೀನಿ. ಲಗೂನ ಬೆಳೀಲಿ ಅಂತ.” ರಾಧಾಬಾಯಿ ತುಳಸಿದಳವನ್ನು ಮೆಲ್ಲಗೆ ಬಿಡಿಸಿ ಸೆರಗಿನ ತುದಿಗೆ ಕಟ್ಟಿಕೊಂಡಳು.

“ಯಾ ಅಲ್ಲಾ! ಗಿಡ ಸಾಕಾಕತ್ತೀರೋ, ಕೂಸು ಸಾಕಾಕತ್ತೀರೋ?”

“ಬೈಯೋದಿದ್ರ ಬೈ. ಆದರ ಈ ಸಲ ತಪ್ಪು ಮಾಡಿದ್ರೂ ತಾಳಿಕೊಳ್ಳೋ ಗಿಡ ಕೊಡು. ತೊಗೊಳ್ಳದ ನಾ ಹೋಗೂದಿಲ್ಲ.”

ಹಸೀನಾ ನಿಟ್ಟುಸಿರು ಬಿಟ್ಟು ಕುಂಡಗಳ ಸಾಲಿನೊಳಗೆ ನಡೆದಳು. “ಕಾಗದದ ಹೂ ಬ್ಯಾಡ. ನೀರು ಹೆಚ್ಚಾದ್ರ ಸಿಟ್ಟು ಮಾಡಿ ಹೂವಽ ಬಿಡಂಗಿಲ್ಲ. ದಾಳಿಂಬ್ರಿ ಚಲೋ, ಆದರ ದಿನಾ ಬಿಸಲು ಬೇಡತೈತಿ, ನಿಮ್ಮ ಬಾಲ್ಕನ್ಯಾಗ ಸಾಲಂಗಿಲ್ಲ. ಹುಣಸಿ ಮುಂದಿನ ಸಲ.” ಮೂಲೆಯಿಂದ ಒಂದು ಪುಟ್ಟ ಗಿಡ ತಂದಳು. ಬೆರಳು ಗಾತ್ರದ ಕಾಂಡ, ಬುಡದಲ್ಲಿ ಮುದುಕರ ಕೈ ನರಗಳಂಥ ಬೇರು. “ಸಣ್ಣ ಎಲಿ ಫೈಕಸ್, ನಮ್ಮ ಆಲದ ಜಾತಿ. ನೀರು ಒಂದೀಟು ಹೆಚ್ಚಾತು, ಕಡಿಮಿ ಆತು, ಕತ್ರಿ ತಪ್ಪಿ ಟೊಂಗಿ ಹೋತು, ಎಲ್ಲಾ ಮಾಫ್ ಮಾಡತೈತಿ. ಹಾಲಿಗೆ ಮಾತ್ರ ಇದೂ ಅಂಜತೈತಿ ನೋಡ್ರಿ!” ಕೊಡಂಗಿಲ್ಲ ಎಂದವಳೇ ಕುಂಡದ ಸುತ್ತ ಹಳೆಯ ಪೇಪರು ಸುತ್ತಿ, ಆಟೋದ ಕುಲುಕಾಟಕ್ಕೆ ಗಿಡ ಅಲ್ಲಾಡದಂತೆ ದಾರ ಕಟ್ಟಿಕೊಟ್ಟಳು.

ಆಟೋದುದ್ದಕ್ಕೂ ರಾಧಾಬಾಯಿ ಯೋಚಿಸಿದಳು. ಗಿಡವನ್ನು ಮಾಳಿಗೆಯ ಮೇಲೆ ಬಚ್ಚಿಡಬಹುದು. ಆಗ ಅವರು ಹುಡುಕುತ್ತಾರೆ. ಇದ್ದದ್ದು ಇದ್ದಂಗೆ ಹೇಳಬಹುದು. ಆಗ ದೇವರ ನೀರು ಹಾಕಿ ಹೆಂಡತಿಯ ಗಿಡ ಕೊಂದೆ ಎಂಬುದು ಆ ಮನುಷ್ಯನ ಎದೆಯಲ್ಲಿ ಕೂತುಬಿಡುತ್ತದೆ. ಎರಡೂ ಬೇಡ. ಮನೆಗೆ ಬಂದು ಗಿಡವನ್ನು ಬಾಲ್ಕನಿಯ ಹಳೆಯ ಜಾಗದಲ್ಲೇ ಇಟ್ಟಳು.

ಮರುದಿನ ಪೂಜೆಯ ಗಂಟೆ ನಿಂತ ಕೂಡಲೇ ಒಲೆ ಸಣ್ಣದು ಮಾಡಿ ಬಾಲ್ಕನಿಗೆ ಬಂದು ನಿಂತಳು. ಮಡಿಯುಟ್ಟ ಪ್ರಲ್ಹಾದರಾಯರು ಗಿಂಡಿ ಹಿಡಿದು ಸದ್ದಿಲ್ಲದೆ ಬಂದವರು, ಅವಳನ್ನು ಕಂಡು ಬೆಣ್ಣೆ ಕದ್ದು ಸಿಕ್ಕಿಬಿದ್ದವರಂತೆ ನಿಂತರು.

“ದಾಸವಾಳಕ್ಕ ಹಾಕೋಣಂತ ಬಂದೆ...”

“ದಾಸವಾಳ ಆ ಮೂಲ್ಯಾಗ ಅದ.”

ಅವರು ನೆಲ ನೋಡಿದರು. “ಈ ಸಣ್ಣದಕ್ಕೂ ಒಂದೀಟು ದೇವರ ದಯಾ ಇರಲಿ ಅಂತ. ಅವತ್ತು ನೀ ಊಟಾನಽ ಮಾಡಲಿಲ್ಲಲಾ.” ಹೇಳುತ್ತಲೇ ಕುಂಡದ ಮೇಲೆ ಗಿಂಡಿ ಬಾಗಿಸಿದರು.

ರಾಧಾಬಾಯಿ ತಟ್ಟನೆ ಬಲಗೈ ಚಾಚಿ, ಗಿಡದ ಮೇಲೆ ಅಂಗೈಯನ್ನು ಬಟ್ಟಲು ಮಾಡಿದಳು.

“ಹಾಕ್ರಿ. ಇನ್ನ ಮ್ಯಾಲೆ ಇದರ ಪಾಲಿನ ತೀರ್ಥ ನನಗ. ಉಳದದ್ದು ದಾಸವಾಳಕ್ಕ.”

ಪ್ರಲ್ಹಾದರಾಯರು ಅವಳ ಮುಖ ನೋಡಿದರು. ಅಂಗೈ ತುಂಬುವ ತನಕ ಹಾಕಿದರು. ಅವಳು ಕಣ್ಣು ಮುಚ್ಚಿ ಕುಡಿದಳು. ಮೊಣಕೈಯಿಂದ ಜಾರಿದ ಒಂದು ಹನಿ ಫೈಕಸ್ಸಿನ ಎಲೆಯ ಮೇಲೆ ಬಿತ್ತು.

ಅಷ್ಟನ್ನು ಅದು ತಾಳಿಕೊಂಡೀತು.